ಮೊದಲು ಸ್ಲೈಡು, ಆಮೇಲೆ ಮುಲಾಮು

ತೊಡೆಸಂದಿಯಲ್ಲೋ ಸೊಂಟದ ಸುತ್ತಲೋ ಹುಳುಕಡ್ಡಿ ಎದ್ದರೆ, ಹೊಳೆನರಸೀಪುರವಾಗಲಿ ಚನ್ನರಾಯಪಟ್ಟಣವಾಗಲಿ, ಜನ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಕ್ಲೋಬೆಟಸಾಲ್‌ನಂಥ ಸ್ಟೆರಾಯ್ಡ್ ಬೆರೆತ ಟ್ಯೂಬು ತುರಿಕೆಯನ್ನು ಬೇಗ ಅಡಗಿಸುತ್ತದೆ, ಶಿಲೀಂಧ್ರವನ್ನು ಹಬ್ಬಲು ಬಿಡುತ್ತದೆ. ಉಂಗುರದ ಅಂಚು ಅಳಿಸಿಹೋಗಿ, ಆಮೇಲೆ ನೋಡಿದ ವೈದ್ಯರಿಗೆ ಅದು ಇಸುಬಿನಂತೆ ಕಾಣುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೆರಾಯ್ಡ್ ಮುಲಾಮುಗಳಿಗೆ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಆದರೆ ಚೀಟಿಯನ್ನೂ ಕಣ್ಣಂದಾಜಿನಲ್ಲೇ ಬರೆದರೆ ಕಾನೂನಿನಿಂದ ಲಾಭ ಅಷ್ಟಕ್ಕಷ್ಟೆ.

ಶಿಲೀಂಧ್ರವನ್ನು ಗುರುತಿಸಲು ಮೂರು ಹಂತಗಳಿವೆ. ಅವುಗಳಲ್ಲಿ ಹೆಚ್ಚು ಉಪಯುಕ್ತವಾದುದೇ ಹೆಚ್ಚು ಕಡೆಗಣನೆಗೆ ಒಳಗಾಗಿದೆ. ಕಲೆಯ ಅಂಚಿನಿಂದ ಹೊಟ್ಟು ಕೆರೆದು, ಸ್ಲೈಡಿನ ಮೇಲೆ ಶೇ. 10ರ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿಸಿದರೆ ಚರ್ಮದ ಕೋಶಗಳು ಕರಗಿ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಚಿಬ್ಬಿಗೆ ಕಾರಣವಾದ ಮಲಸೇಜಿಯಾ ಕೂಡ ತುಂಡೆಳೆ, ದುಂಡುಕಣಗಳ ಗೊಂಚಲಾಗಿ ಇಲ್ಲೇ ಸಿಕ್ಕಿಬೀಳುತ್ತದೆ. ಕಫ ಪರೀಕ್ಷಿಸುವ ಸೂಕ್ಷ್ಮದರ್ಶಕವೇ ಇದಕ್ಕೆ ಸಾಕು. ನೋಡುವವರಿಗೆ ಪಳಗಿದ ಕಣ್ಣು ಬೇಕು, ನಿಜ. ಈಗಾಗಲೇ ಶಿಲೀಂಧ್ರನಾಶಕ ಮುಲಾಮು ಹಚ್ಚಿದ್ದರೆ ಎಳೆ ಕಾಣದೆಯೂ ಹೋಗಬಹುದು. ಆದರೂ ಅಂದಾಜಿಗಿಂತ ಇದು ಎಷ್ಟೋ ಮೇಲು.

ಎರಡನೆಯದು ಸಬರೋ ಅಗಾರ್ ಎಂಬ ಮಾಧ್ಯಮದ ಮೇಲೆ ಶಿಲೀಂಧ್ರವನ್ನು ಬೆಳೆಸುವುದು. ಹುಳುಕಡ್ಡಿ ತರುವ ಟ್ರೈಕೊಫೈಟಾನ್ ರುಬ್ರಮ್ ತಳದಲ್ಲಿ ಕೆಂಪು ಬಣ್ಣ ಬಿಡುತ್ತದೆ. ಮೆಂಟಾಗ್ರೊಫೈಟಿಸ್ ಯೂರಿಯಾ ಮಾಧ್ಯಮವನ್ನು ಬೇಗ ಗುಲಾಬಿಯಾಗಿಸುತ್ತದೆ. ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ಮೊದಲ ಸಲ ಬಂದ ರೋಗಿಗೆ ಇದರಿಂದ ಪ್ರಯೋಜನ ಕಡಿಮೆ. ವಾಸಿಯಾಗದೆ ಮತ್ತೆ ಮತ್ತೆ ಬರುವವರಿಗೆ, ಜಿಲ್ಲೆಯಲ್ಲಿ ಯಾವುದು ಹಬ್ಬಿದೆ ಎಂದು ತಿಳಿಯುವುದಕ್ಕೆ ಇದು ಬೇಕು.

ಅಲ್ಲೂ ಒಂದು ತೊಡಕಿದೆ. ಭಾರತದಲ್ಲಿ ಹಬ್ಬಿರುವ ಒಂದು ಬಗೆಗೆ 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಅಗಾರಿನ ಮೇಲೆ ಅದು ಮೆಂಟಾಗ್ರೊಫೈಟಿಸ್‌ನಂತೆಯೇ ಕಾಣುತ್ತದೆ; ಮೂರನೆಯ ಹಂತವಾಗಿ ವಂಶವಾಹಿ ಓದಿದರಷ್ಟೇ ಬೇರೆಯೆಂದು ತಿಳಿಯುತ್ತದೆ. ಅದರ ಹಲವು ತಳಿಗಳು ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮದ್ದಿಗೆ ಬಗ್ಗುವುದಿಲ್ಲ. ಹಾಗಾಗಿ ಬರೀ ಹೆಸರು ಬರೆದ ವರದಿ ಅರ್ಧ ವರದಿ. ಯಾವ ಮದ್ದಿಗೆ ಬಗ್ಗುತ್ತದೆ ಎಂಬುದನ್ನೂ ಅದು ಹೇಳಬೇಕು.

ಆದ್ದರಿಂದ ಸ್ಲೈಡು ಪರೀಕ್ಷೆ ತಾಲ್ಲೂಕು ಆಸ್ಪತ್ರೆಯಲ್ಲೇ ನಡೆಯಲಿ, ಬೆಳೆಸುವ ಕೆಲಸ ಹಾಸನದ ವೈದ್ಯಕೀಯ ಕಾಲೇಜಿನಲ್ಲಿ. ಕೆರೆದ ಹೊಟ್ಟು ಒಣ ಕಾಗದದ ಮಡಿಕೆಯಲ್ಲಿ ದಿನಗಟ್ಟಲೆ ಕೆಡದೆ ಉಳಿಯುತ್ತದೆ, ಐಸ್ ಬೇಕಿಲ್ಲ. ಅರಕಲಗೂಡಿನ ಹೊಗೆಸೊಪ್ಪಿನ ರೈತ ಕೂಲಿ ಕೆಲಸ ಬಿಟ್ಟು ಹಾಸನದ ಬಸ್ಸು ಹತ್ತಬೇಕಾದ್ದಿಲ್ಲ. ಆ ಕಾಗದ ಹೋದರೆ ಸಾಕು.