ಹದಿನೆಂಟರ ಹರೆಯದ ಸ್ನೋ

ಖಳನ ಎಳವೆಯನ್ನು ಹೇಳಹೊರಟ ಕಥೆಗಳಲ್ಲಿ ಬಹುತೇಕ ಒಂದು ಗಾಯ ಇದ್ದೇ ಇರುತ್ತದೆ. ತಾಯಿ ಸತ್ತಿರುತ್ತಾಳೆ, ಯಾರೋ ಅವಮಾನ ಮಾಡಿರುತ್ತಾರೆ, ಪ್ರೀತಿಸಿದವಳು ಕೈತಪ್ಪಿರುತ್ತಾಳೆ. ಆ ಗಾಯವನ್ನು ತೋರಿಸಿ, ಇದರಿಂದಾಗಿ ಅವನು ಹೀಗಾದ ಎಂದು ಲೆಕ್ಕ ಚುಕ್ತಾ ಮಾಡಿಬಿಡುತ್ತಾರೆ. 1999ರಿಂದ 2005ರ ನಡುವೆ ಬಂದ ‘ಸ್ಟಾರ್ ವಾರ್ಸ್’ನ ಮೂರು ಪೂರ್ವಕಥೆಗಳು ಡಾರ್ತ್ ವೇಡರನಿಗೆ ಮಾಡಿದ್ದು ಇದನ್ನೇ. ತಾಯಿಯನ್ನು ಉಳಿಸಿಕೊಳ್ಳಲಾಗದ ಆ್ಯನಕಿನ್, ಹೆಂಡತಿಯನ್ನಾದರೂ ಉಳಿಸಿಕೊಳ್ಳಬೇಕೆಂಬ ಭಯದಲ್ಲಿ ದಾರಿ ತಪ್ಪುತ್ತಾನೆ. ಮುಗಿಯುವ ಹೊತ್ತಿಗೆ ಅವನ ಮೇಲೆ ಕನಿಕರ ಹುಟ್ಟಿರುತ್ತದೆ, ಸಿಟ್ಟು ಅರ್ಧಕ್ಕಿಳಿದಿರುತ್ತದೆ. ಸುಜಾನ್ ಕಾಲಿನ್ಸ್ ಈ ದಾರಿ ಹಿಡಿಯಲಿಲ್ಲ. 2020ರ ಮೇ ತಿಂಗಳಲ್ಲಿ ಬಂದ ಅವರ ‘ದಿ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಅಂಡ್ ಸ್ನೇಕ್ಸ್’ ನನಗೆ ತಿಳಿದಂತೆ ಖಳನ ಪೂರ್ವಕಥೆಗಳಲ್ಲೇ ಅತ್ಯಂತ ಪ್ರಾಮಾಣಿಕವಾದದ್ದು. ಕೊನೆಯನ್ನು ಬಚ್ಚಿಟ್ಟು ಅದರ ಬಗ್ಗೆ ಮಾತಾಡುವುದು ಸಾಧ್ಯವಿಲ್ಲ. ಓದದವರು ಬೇಕಿದ್ದರೆ ಪುಸ್ತಕ ಮುಗಿಸಿಕೊಂಡು ಬನ್ನಿ.

2008ರಿಂದ 2010ರವರೆಗೆ ಬಂದ ಅವರದೇ ‘ಹಂಗರ್ ಗೇಮ್ಸ್’ ಮೂರು ಕಾದಂಬರಿಗಳ ಲೋಕ ಗೊತ್ತಿಲ್ಲದವರಿಗೆ ಎರಡು ಮಾತು. ಯುದ್ಧಗಳ ನಂತರದ ಅಮೆರಿಕದಲ್ಲಿ ಪ್ಯಾನೆಮ್ ಎಂಬ ದೇಶ. ಸುಖದಲ್ಲಿ ತೇಲುವ ರಾಜಧಾನಿ ಕ್ಯಾಪಿಟಲ್, ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಕೊಡಬೇಕು. 24 ಮಕ್ಕಳಲ್ಲಿ ಒಬ್ಬರು ಉಳಿಯುವ ತನಕ ಹೊಡೆದಾಟ, ಟಿವಿಯಲ್ಲಿ ನೇರ ಪ್ರಸಾರ. 74ನೇ ಆಟದಲ್ಲಿ ಕ್ಯಾಟ್ನಿಸ್ ಎಂಬ ಹುಡುಗಿ ಈ ವ್ಯವಸ್ಥೆಯ ಬುಡ ಅಲ್ಲಾಡಿಸುತ್ತಾಳೆ. ಅವಳಿಗೆ ಎದುರಾಗಿ ನಿಂತವನು ಅಧ್ಯಕ್ಷ ಸ್ನೋ. ಕೋಟಿನಲ್ಲಿ ಬಿಳಿ ಗುಲಾಬಿ, ಉಸಿರಿನಲ್ಲಿ ರಕ್ತದ ವಾಸನೆ. ಸಿನಿಮಾದಲ್ಲಿ ಡೊನಾಲ್ಡ್ ಸದರ್ಲೆಂಡ್ ದನಿ ಏರಿಸದೆಯೇ ಆ ಪಾತ್ರವನ್ನು ನಮ್ಮ ಎದೆಯಲ್ಲಿ ಕೂರಿಸಿಬಿಟ್ಟಿದ್ದರು.

ಪೂರ್ವಕಥೆ 64 ವರ್ಷ ಹಿಂದಕ್ಕೆ, 10ನೇ ಆಟಕ್ಕೆ ಹೋಗುತ್ತದೆ. ಮೊದಲ ಪುಟದಲ್ಲೇ ಹದಿನೆಂಟರ ಕೊರಿಯೊಲೇನಸ್ ಸ್ನೋ ಎಲೆಕೋಸು ಬೇಯಿಸುತ್ತಿದ್ದಾನೆ. ಮನೆಯಲ್ಲಿ ಬೇರೇನೂ ಇಲ್ಲ. ಅಪ್ಪ ಯುದ್ಧದಲ್ಲಿ ಸತ್ತ ಜನರಲ್. ಆಸ್ತಿಯೆಲ್ಲ 13ನೇ ಜಿಲ್ಲೆಯ ಮದ್ದುಗುಂಡಿನ ಉದ್ಯಮದಲ್ಲಿತ್ತು, ಆ ಜಿಲ್ಲೆ ಬೂದಿಯಾದಾಗ ಅದೂ ಹೋಯಿತು. ಉಳಿದದ್ದು ದೊಡ್ಡ ಮನೆ, ತಾರಸಿಯ ಮೇಲೆ ಅಜ್ಜಿ ಬೆಳೆಸುವ ಗುಲಾಬಿ, ಮತ್ತು ಹಳೆಯ ಹೆಸರು. ದೊಡ್ಡಮನೆತನದವರ ಮಕ್ಕಳ ನಡುವೆ ಮಾನ ಕಾಯಲು ಅಕ್ಕನಂಥ ಸೋದರಸಂಬಂಧಿ ಟೈಗ್ರಿಸ್ ಅಪ್ಪನ ಹಳೇ ಅಂಗಿಯನ್ನು ಹೊಸದು ಮಾಡಿಕೊಡುತ್ತಾಳೆ. ಅದರ ಗುಂಡಿಗಳು ಬಚ್ಚಲಿನ ಹೆಂಚಿನ ಚೂರುಗಳು. ಒಳಗೆ ಹಸಿವು, ಹೊರಗೆ ಇಸ್ತ್ರಿ ಮಾಡಿದ ಠೀವಿ. ಇಷ್ಟು ಓದುವಷ್ಟರಲ್ಲಿ ನಾವು ಹುಡುಗನ ಪರ.

ಇಲ್ಲಿಂದ ಕಾಲಿನ್ಸ್ ಅವರ ಜಾಣ್ಮೆ ಶುರು. ಕ್ಯಾಟ್ನಿಸ್ ತನ್ನ ಕಥೆಯನ್ನು ‘ನಾನು’ ಎಂದು ತಾನೇ ಹೇಳಿದ್ದಳು. ಇಲ್ಲಿ ‘ಅವನು’. ಆದರೆ ಆ ‘ಅವನು’ ಹುಡುಗನ ತಲೆಯೊಳಗಿನಿಂದ ಒಂದು ಇಂಚೂ ಆಚೆ ಬರುವುದಿಲ್ಲ. ಅವನ ಪ್ರತಿ ಕೆಲಸದ ಜೊತೆಗೆ ಅದಕ್ಕೆ ಅವನು ಕೊಟ್ಟುಕೊಂಡ ಕಾರಣವನ್ನೂ ನಾವು ಕೇಳುತ್ತೇವೆ, ಮತ್ತು ಆ ಕಾರಣ ಯಾವಾಗಲೂ ಸಭ್ಯವಾಗಿಯೇ ಇರುತ್ತದೆ. 12ನೇ ಜಿಲ್ಲೆಯಿಂದ ಬಂದ ಹಾಡುಗಾರ್ತಿ ಲೂಸಿ ಗ್ರೇ ಬೇರ್ಡ್‌ಗೆ ಆಟದಲ್ಲಿ ಅವನು ಮಾರ್ಗದರ್ಶಿ. ಅವಳಿಗೆ ಊಟ ತರುತ್ತಾನೆ, ಅಮ್ಮನ ಪೌಡರ್ ಡಬ್ಬಿ ಕೊಡುತ್ತಾನೆ, ಅಖಾಡಕ್ಕೆ ಬಿಡಲಿರುವ ಹಾವುಗಳು ಅವಳನ್ನು ಕಚ್ಚದಿರಲೆಂದು ಅವಳ ವಾಸನೆಯಿದ್ದ ಕರವಸ್ತ್ರವನ್ನು ಹಾವಿನ ತೊಟ್ಟಿಗೆ ಹಾಕುತ್ತಾನೆ. ಪ್ರೀತಿ ಎನ್ನೋಣವೇ? ಓದುತ್ತ ಹೋದಂತೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳತೊಡಗುತ್ತದೆ: ಅವಳು ತನ್ನವಳು. ಅವಳು ಹಿಂದೆ ಯಾರನ್ನೋ ಪ್ರೀತಿಸಿದ್ದಳೆಂಬುದು ಅವಳ ಪ್ರಾಣ ಹೋಗುವುದಕ್ಕಿಂತ ಹೆಚ್ಚು ಅವನನ್ನು ಕಾಡುವ ಗಳಿಗೆಗಳಿವೆ. ಲೇಖಕಿ ಎಲ್ಲೂ ಬೆರಳು ತೋರಿಸುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಆಟದ ಹುಟ್ಟಿನ ವಿವರ. ಈ ಹತ್ತನೇ ವರ್ಷದಲ್ಲಿ ಯಾವ ವೈಭವವೂ ಇಲ್ಲ. ಮಕ್ಕಳನ್ನು ದನ ಸಾಗಿಸುವ ಡಬ್ಬಿಗಳಲ್ಲಿ ತಂದು ಮೃಗಾಲಯದ ಮಂಗನ ಪಂಜರದಲ್ಲಿ ಕೂಡಿದ್ದಾರೆ. ಅಖಾಡ ಒಂದು ಹಳೆಯ ಕ್ರೀಡಾಂಗಣ. ನೋಡಲು ಜನರಿಗೂ ಆಸಕ್ತಿಯಿಲ್ಲ, ಆಟ ತಾನಾಗಿಯೇ ಸತ್ತುಹೋಗುವ ಹಾಗಿದೆ. ಆಗ ಕೊರಿಯೊಲೇನಸ್ ಒಂದು ಟಿಪ್ಪಣಿ ಬರೆದುಕೊಡುತ್ತಾನೆ: ಜನ ಬಾಜಿ ಕಟ್ಟಲಿ, ದುಡ್ಡು ಕೊಟ್ಟು ತಮಗಿಷ್ಟವಾದ ಹುಡುಗರಿಗೆ ಅನ್ನ ಕಳಿಸಲಿ. ಹಣ ಹೂಡಿದವನು ನೋಡದೇ ಇರುತ್ತಾನೆಯೇ? ಮುಂದೆ ಕ್ಯಾಟ್ನಿಸ್ ಎದುರಿಸುವ ಇಡೀ ಉದ್ಯಮ ಈ ಟಿಪ್ಪಣಿಯಿಂದ ಬೆಳೆದದ್ದು. ಪುಸ್ತಕದ ಕೊನೆಗೆ ಇನ್ನೊಂದು ಗುಟ್ಟು ಬಯಲಾಗುತ್ತದೆ. ಆಟದ ಮೂಲ ಕಲ್ಪನೆಯೂ ಕಾಲೇಜಿನ ಅಭ್ಯಾಸವೊಂದಕ್ಕಾಗಿ ಕುಡಿದ ಅಮಲಿನಲ್ಲಿ ಹುಟ್ಟಿದ್ದು. ಹುಟ್ಟಿಸಿದವನು ಹುಡುಗನ ಶಾಲೆಯ ಈಗಿನ ಡೀನ್ ಹೈಬಾಟಮ್, ಅವನಿಗೆ ಹೇಳದೆ ಅದನ್ನು ಒಪ್ಪಿಸಿದವನು ಕೊರಿಯೊಲೇನಸ್‌ನ ಅಪ್ಪ. ಕ್ರೌರ್ಯ ಇಲ್ಲಿ ರಾಕ್ಷಸರ ಗುಹೆಯಲ್ಲಿ ಹುಟ್ಟುವುದಿಲ್ಲ, ಒಳ್ಳೆಯ ಅಂಕ ಬಯಸುವ ಬುದ್ಧಿವಂತರ ಮೇಜಿನ ಮೇಲೆ ಹುಟ್ಟುತ್ತದೆ.

ಕನ್ನಡದವರಿಗೆ ಖಳನ ಒಳಗನ್ನು ನೋಡುವುದು ಹೊಸದಲ್ಲ. ರನ್ನನ ದುರ್ಯೋಧನ, ನಾಗಚಂದ್ರನ ರಾವಣ ನಮಗೆ ಹತ್ತಿರದವರೇ. ಆದರೆ ಆ ಕವಿಗಳು ಅವರನ್ನು ಹಿಡಿದದ್ದು ಇಳಿಹೊತ್ತಿನಲ್ಲಿ. ತಮ್ಮಂದಿರನ್ನು, ಗೆಳೆಯನನ್ನು ಕಳೆದುಕೊಂಡು ರಣಭೂಮಿಯಲ್ಲಿ ನಡೆಯುವವನ ಮುಂದೆ ಮರುಕ ತಾನಾಗಿ ಉಕ್ಕುತ್ತದೆ. ಕಾಲಿನ್ಸ್ ಆರಿಸಿಕೊಂಡದ್ದು ಏರುಹೊತ್ತನ್ನು. ಒಂದೊಂದಾಗಿ ಪಡೆಯುತ್ತ ಹೋಗುವವನನ್ನು ತೋರಿಸಿ, ಮರುಕ ಎಲ್ಲಿ ನಿಲ್ಲಬೇಕೆಂಬುದನ್ನು ನಮಗೇ ಬಿಡುತ್ತಾರೆ. ಇದು ಹೆಚ್ಚು ಕಷ್ಟದ ಕೆಲಸ.

ಪುಸ್ತಕದ ಆರಂಭದಲ್ಲಿ ಹಾಬ್ಸ್, ಲಾಕ್, ರೂಸೋ, ವರ್ಡ್ಸ್‌ವರ್ತ್, ಮೇರಿ ಶೆಲ್ಲಿ, ಐವರ ಮಾತುಗಳಿವೆ. ಮನುಷ್ಯ ಮೂಲತಃ ಮೃಗ, ಹಿಡಿತ ಸಡಿಲಿದರೆ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ ಎಂಬುದು ಆಟದ ಮುಖ್ಯಸ್ಥೆ ಡಾ. ವೊಲಮ್ನಿಯಾ ಗಾಲ್‌ಳ ಪಾಠ. ಷೇಕ್ಸ್‌ಪಿಯರನ ನಾಟಕದಲ್ಲಿ ಕೊರಿಯೊಲೇನಸ್‌ನ ತಾಯಿಯ ಹೆಸರೂ ವೊಲಮ್ನಿಯಾ ಎಂಬುದನ್ನು ನೆನೆದರೆ, ಈ ಹುಡುಗನನ್ನು ನಿಜವಾಗಿ ಹೆತ್ತವಳು ಯಾರೆಂದು ತಿಳಿಯುತ್ತದೆ. ಅಖಾಡದೊಳಗೆ ಅವನ ಕೈಯಿಂದ ಮೊದಲ ಕೊಲೆ ನಡೆದ ರಾತ್ರಿ, ಮನುಷ್ಯ ಅಂದರೆ ಇಷ್ಟೇ ಎಂದು ಅವಳು ಕಲಿಸುತ್ತಾಳೆ. ಆದರೆ ಆ ಪಾಠಕ್ಕೆ ಎದುರುತ್ತರ ಅವನ ಮನೆಯಲ್ಲೇ ಇದೆ. ಟೈಗ್ರಿಸ್ ಉಂಡದ್ದೂ ಅದೇ ಎಲೆಕೋಸು, ಕಂಡದ್ದೂ ಅದೇ ಯುದ್ಧ. ಅವಳು ಮೃಗವಾಗಲಿಲ್ಲ. ಮುಂದೆ ‘ಮಾಕಿಂಗ್‌ಜೇ’ಯಲ್ಲಿ ಸ್ನೋನನ್ನು ಕೊಲ್ಲಹೊರಟ ಕ್ಯಾಟ್ನಿಸ್‌ಗೆ ತನ್ನ ಅಂಗಡಿಯ ನೆಲಮಾಳಿಗೆಯಲ್ಲಿ ಆಸರೆ ಕೊಡುವವಳು ಇದೇ ಟೈಗ್ರಿಸ್. ಬಡತನವೇ ಅವನನ್ನು ಹೀಗೆ ಮಾಡಿತು ಎನ್ನುವವರು ಅವಳನ್ನು ಮರೆತಿರುತ್ತಾರೆ.

ಮೂರನೆಯ ಭಾಗ ನಿಧಾನ ಎಂಬ ದೂರು ಆಗಾಗ ಕೇಳಿದ್ದೇನೆ. ನನಗೆ ಅದೇ ಪುಸ್ತಕದ ಜೀವ. ಲೂಸಿ ಗ್ರೇ ಗೆದ್ದು ಆಟ ಮುಗಿದಿದೆ, ಕರವಸ್ತ್ರದ ಮೋಸ ಸಿಕ್ಕಿಬಿದ್ದು ಕೊರಿಯೊಲೇನಸ್ ಸಾಮಾನ್ಯ ಸಿಪಾಯಿಯಾಗಿ 12ನೇ ಜಿಲ್ಲೆಗೆ ಬಂದಿದ್ದಾನೆ. ಅವನನ್ನು ಅಣ್ಣನೆಂದೇ ನಂಬಿದ ಗೆಳೆಯ ಸೆಜೇನಸ್ ಬಂಡಾಯದವರ ಜೊತೆ ಸೇರಿದ ವಿಷಯ ಹೇಳಿಕೊಳ್ಳುತ್ತಾನೆ. ಕೇಳಿದ್ದನ್ನು ಹಾಗೇ ಒಪ್ಪಿಸುವ ಜಾಬರ್‌ಜೇ ಹಕ್ಕಿಯಲ್ಲಿ ಆ ಮಾತನ್ನು ದಾಖಲಿಸಿ ಕೊರಿಯೊಲೇನಸ್ ಕ್ಯಾಪಿಟಲ್‌ಗೆ ಕಳಿಸುತ್ತಾನೆ. ಸೆಜೇನಸ್ ನೇಣಿಗೇರುತ್ತಾನೆ. ಆಮೇಲೆ ಕಾಡಿನಲ್ಲಿ, ಲೂಸಿ ಗ್ರೇಯ ಜೊತೆ ಓಡಿಹೋಗುವ ಹಾದಿಯಲ್ಲಿ, ತಾನು ಕೊಂದದ್ದು ಮೂವರನ್ನು, ಅದು ಸಾಕು ಎಂಬ ಮಾತು ಅವನ ಬಾಯಿ ಜಾರುತ್ತದೆ. ಅವಳಿಗೆ ಇಬ್ಬರು ಗೊತ್ತು. ಮೂರನೆಯವರು ಯಾರು ಎಂದು ಕೇಳುತ್ತಾಳೆ. ಹಳೆಯ ನನ್ನನ್ನೇ ಕೊಂದುಕೊಂಡೆ ಎಂದು ಥಟ್ಟನೆ ಚೆಂದದ ಸುಳ್ಳು ಹೇಳುತ್ತಾನೆ. ಅವಳು ಏನೂ ಅನ್ನುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೆಡ್ಡೆ ಅಗೆದು ತರುತ್ತೇನೆಂದು ಹೋದವಳು ತಿರುಗಿ ಬರುವುದಿಲ್ಲ. ಬಂದೂಕು ಹಿಡಿದು ಅವಳನ್ನು ಹುಡುಕುವವನ ತಲೆಯೊಳಗೆ ಆಗಲೂ ಎಷ್ಟೊಂದು ಸಮಂಜಸ ಕಾರಣಗಳಿವೆ!

ಕೊರತೆ ಇಲ್ಲವೆಂದಲ್ಲ. ಹಳೆಯ ಕಾದಂಬರಿಗಳ ಎಲ್ಲದಕ್ಕೂ ಇಲ್ಲಿ ಮೂಲ ಹುಡುಕಿಕೊಟ್ಟಿದ್ದಾರೆ. ‘ಹ್ಯಾಂಗಿಂಗ್ ಟ್ರೀ’ ಹಾಡು, ಕ್ಯಾಟ್ನಿಸ್ ಗೆಡ್ಡೆ, ಕಾಡಿನ ಕೆರೆ, ಎಲ್ಲವೂ ಲೂಸಿ ಗ್ರೇಯಿಂದಲೇ ಬರಬೇಕಿತ್ತೇ? ಒಂದೆರಡನ್ನು ಹಾಗೇ ಬಿಟ್ಟಿದ್ದರೆ ಆ ಲೋಕ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

2023ರಲ್ಲಿ ಫ್ರಾನ್ಸಿಸ್ ಲಾರೆನ್ಸ್ ಇದನ್ನು ಸಿನಿಮಾ ಮಾಡಿದರು. ಪೋಲೆಂಡಿನ ವ್ರೊತ್ಸ್ವಾಫ್ ನಗರದ ಶತಮಾನ ಭವನವೇ ಅಖಾಡವಾದದ್ದು ಸೊಗಸು. ಕಾಂಕ್ರೀಟಿನ ಆ ಗುಮ್ಮಟದಡಿ ಮಕ್ಕಳು ಇರುವೆಗಳಂತೆ ಕಾಣುತ್ತಾರೆ. ರೇಚಲ್ ಝೆಗ್ಲರ್ ಅವರ ಹಾಡುಗಾರಿಕೆ, ವಯೋಲಾ ಡೇವಿಸ್ ಅವರ ಡಾ. ಗಾಲ್ ನೋಡಲೇಬೇಕಾದವು. ಆದರೆ ಎರಡೂವರೆ ಗಂಟೆ ಮೀರಿದ ಚಿತ್ರಕ್ಕೂ ಹುಡುಗನ ಒಳದನಿಯನ್ನು ತರಲಾಗಿಲ್ಲ. ಟಾಮ್ ಬ್ಲೈತ್ ಅವರ ಚೆಲುವಾದ ಮುಖ ಕಾಣುತ್ತದೆ, ಅದರ ಹಿಂದಿನ ಲೆಕ್ಕಾಚಾರ ಕೇಳುವುದಿಲ್ಲ. ಹಾಗಾಗಿ ಒಳ್ಳೆಯವನೊಬ್ಬ ಕೊನೆಯ ಅರ್ಧ ಗಂಟೆಯಲ್ಲಿ ಕೆಟ್ಟ ಎಂಬ ಭಾವನೆ ಬರುತ್ತದೆ. ಪುಸ್ತಕದಲ್ಲಾದರೋ ಅವನು ಮೊದಲ ಅಧ್ಯಾಯದಿಂದಲೇ ದಿನಕ್ಕಿಷ್ಟು ಎಂದು ಕೆಡುತ್ತಿರುತ್ತಾನೆ.

ಕಥೆಯ ಕಾಲದಲ್ಲಿ ಇದು ಮೊದಲಿನದೆಂದು ಇದರಿಂದಲೇ ಶುರು ಮಾಡಬೇಡಿ. ಮೊದಲು ಮೂರು ಕಾದಂಬರಿ ಓದಿ, ಮುದುಕ ಸ್ನೋನನ್ನು ಚೆನ್ನಾಗಿ ದ್ವೇಷಿಸಿ, ಆಮೇಲೆ ಈ ಹುಡುಗನ ಬಳಿ ಬನ್ನಿ. ಅಂಗಿಯ ಗುಂಡಿಗೆ ಮರುಗುವಾಗಲೂ ಅವನು ಮುಂದೆ ಏನಾಗುತ್ತಾನೆಂಬುದು ಗೊತ್ತಿರಬೇಕು. ಇದಾದ ಮೇಲೆ 2025ರಲ್ಲಿ ಬಂದ ‘ಸನ್‌ರೈಸ್ ಆನ್ ದಿ ರೀಪಿಂಗ್’ ಹಿಡಿಯಬಹುದು. ಅಲ್ಲಿ 50ನೇ ಆಟ, ಮುಂದೆ ಕ್ಯಾಟ್ನಿಸ್‌ಗೆ ಮಾರ್ಗದರ್ಶಿಯಾಗುವ ಹೇಮಿಚ್‌ನ ಕಥೆ, ಸ್ನೋಗೆ 58ರ ವಯಸ್ಸು. ಲೂಸಿ ಗ್ರೇಯ ಬಳಗದ ಇನ್ನೊಬ್ಬ ಹುಡುಗಿಯ ಬಗ್ಗೆ ಅವನು ಹೇಮಿಚ್‌ನ ಜೊತೆ ಆಡುವ ಮಾತುಗಳಿವೆ. ‘ಬ್ಯಾಲಡ್’ ಓದಿದವರಿಗೆ ಮಾತ್ರ ಆ ಪುಟಗಳಲ್ಲಿ ಅವನ ಹಳೆಯ ಕಹಿ ಎಷ್ಟಿದೆಯೆಂಬುದು ತಿಳಿಯುತ್ತದೆ.