ಆದಿವಿಶ್ವದ ದೂರಗಣಿತ

ಅತಿದೂರದ ಗೆಲಾಕ್ಸಿಯೊಂದು ಪತ್ತೆಯಾದಾಗಲೆಲ್ಲ, ಅದು ನಮ್ಮಿಂದ 1,350 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆಯೆಂದು ಪತ್ರಿಕೆಗಳು ಸಾರುತ್ತವೆ. ಆ ಸಂಖ್ಯೆ ಬೆಳಕು ಪಯಣಿಸಿದ ಕಾಲದ್ದೇ ಹೊರತು ದೂರದ್ದಲ್ಲವೆಂಬುದನ್ನು, ಆಕಾಶವೀಕ್ಷಣೆಯ ವ್ಯಸನಕ್ಕೆ ಬಿದ್ದ ನನ್ನಂಥವನು ಹೇಳದೆ ಇರಲಾರನು.

2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ವೀಕ್ಷಣೆಯಿಂದ ಖ್ಯಾತಿಗೆ ಬಂದ, ಜೇಡ್ಸ್-ಜಿಎಸ್-ಝಡ್14-0 ಎಂಬ ರಸಹೀನ ನಾಮಧೇಯದ ಗೆಲಾಕ್ಸಿಯನ್ನೇ ನೋಡೋಣ. ಅಲ್ಲಿ ನಿಜವಾಗಿ ಅಳೆದದ್ದು ಬೆಳಕಿನ ಕೆಂಪು ಪಲ್ಲಟವೊಂದನ್ನೇ. ಜಲಜನಕವು ನೇರಳಾತೀತ ಬೆಳಕನ್ನು ಹೀರಿ ಉಳಿಸಿದ ಅಂಚು, 121.6 ನ್ಯಾನೋಮೀಟರಿನಲ್ಲಿ ಇರಬೇಕಾದುದು, ಹದಿನೈದು ಪಟ್ಟಿಗೂ ಮಿಗಿಲಾಗಿ ಹಿಗ್ಗಿ ಅವಕೆಂಪಿನಲ್ಲಿ ಗೋಚರಿಸಲು, ಆ ಹಿಗ್ಗಿನಿಂದ ಒಂದನ್ನು ಕಳೆದು ಪಲ್ಲಟವು 14.32 ಎಂದು ಗಣಿಸಲ್ಪಟ್ಟಿತು. ಆದರೆ ಮಸುಕಾದ ಅಂಚನ್ನು ಪೂರ್ತಿ ನಂಬುವಂತಿಲ್ಲ. ಮರುವರ್ಷ ಚಿಲಿಯ ಅಟಕಾಮ ಮರುಭೂಮಿಯಲ್ಲಿರುವ ಆಲ್ಮಾ ರೇಡಿಯೋ ದೂರದರ್ಶಕವು ಆಮ್ಲಜನಕದ 88 ಮೈಕ್ರೋಮೀಟರಿನ ರೇಖೆಯನ್ನು 1.34 ಮಿಲಿಮೀಟರಿನಲ್ಲಿ ಹಿಡಿಯಿತು, ಪಲ್ಲಟ 14.18ಕ್ಕೆ ಇಳಿಯಿತು. ಇಂಥ ತೆಳ್ಳನೆಯ ರೇಖೆಯೊಂದರ ಸಾಕ್ಷ್ಯವನ್ನು ನಾನು ನೂರು ವರ್ಣಚಿತ್ರಗಳಿಗಿಂತ ಹೆಚ್ಚೆಂದು ಎಣಿಸುತ್ತೇನೆ.

ಪಲ್ಲಟದಿಂದ ದೂರಕ್ಕೆ ಹೋಗಲು ವಿಶ್ವವು ಹಿಗ್ಗಿದ ಬಗೆಯನ್ನು ತಿಳಿಸುವ ಗಣಿತದ ಮಾದರಿಯೊಂದು ಬೇಕು. ಅದರ ಪ್ರಕಾರ ಆ ಗೆಲಾಕ್ಸಿ ಇಂದು ಸುಮಾರು 3,400 ಕೋಟಿ ಜ್ಯೋತಿರ್ವರ್ಷಗಳಾಚೆ ಇದೆ. ಬೆಳಕು ಹೊರಟಾಗಲಾದರೋ ಬರಿಯ 220 ಕೋಟಿ ಜ್ಯೋತಿರ್ವರ್ಷಗಳಷ್ಟು ಸಮೀಪದಲ್ಲಿತ್ತು. ಪಲ್ಲಟ 1.6ರ ಆಸುಪಾಸಿನ ಗೆಲಾಕ್ಸಿಗಳು, ಇದಕ್ಕಿಂತ ಎಷ್ಟೋ ಈಚಿನವು, ತಮ್ಮ ಬೆಳಕನ್ನು ಕಳುಹಿದಾಗ 570 ಕೋಟಿಗೂ ಮಿಕ್ಕ ದೂರದಲ್ಲಿದ್ದವು! ಎಳೆಯ ವಿಶ್ವದಲ್ಲಿ ಸಕಲವೂ ಒತ್ತೊತ್ತಾಗಿದ್ದು, ನಮ್ಮತ್ತ ಹೊರಟ ಕಿರಣವನ್ನು ಹಿಗ್ಗುವ ಅವಕಾಶವೇ ಮೊದಮೊದಲು ಹಿಂದಕ್ಕೆ ಒಯ್ದುದರಿಂದ ಈ ವೈಚಿತ್ರ್ಯ ಒದಗಿತು. ಫಲವಾಗಿ, ಒಂದೇ ಗಾತ್ರದ ಎರಡು ಗೆಲಾಕ್ಸಿಗಳಲ್ಲಿ ಆಚೆಯದೇ ಎರಡೂವರೆ ಪಟ್ಟು ದೊಡ್ಡದಾಗಿ ತೋರಬೇಕು.

ಹಾಗಿದ್ದೂ ಅದು ಸುಲಭವಾಗಿ ಕಾಣಸಿಗದೇಕೆ? 1930ರಲ್ಲಿಯೇ ಭೌತವಿಜ್ಞಾನಿ ರಿಚರ್ಡ್ ಟೋಲ್ಮನ್ ತೋರಿಸಿಕೊಟ್ಟಂತೆ, ಹಿಗ್ಗುವ ವಿಶ್ವದಲ್ಲಿ ಮೇಲ್ಮೈಯ ಕಾಂತಿಯು ಹಿಗ್ಗಿನ ನಾಲ್ಕನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತದೆ. ಇಲ್ಲಿ ಅದು ಐವತ್ತು ಸಾವಿರ ಪಟ್ಟಿಗೂ ಮಿಗಿಲು. ಆರೂವರೆ ಮೀಟರಿನ ದರ್ಪಣವನ್ನು ಹೊತ್ತ ವೆಬ್ ಕೂಡ ಇದರ ರೋಹಿತವನ್ನು ಪಡೆಯಲು ಸುಮಾರು ಹತ್ತು ಗಂಟೆಗಳ ಕಾಲ ಬೆಳಕನ್ನು ಸಂಗ್ರಹಿಸಬೇಕಾಯಿತು.