ಇದ್ದಿಲಿನ ಸ್ವರಲಿಪಿ

ನಾದವು ಶ್ರವಣೇಂದ್ರಿಯಕ್ಕೆ ಮಾತ್ರ ಮೀಸಲಾದ ವಿಷಯವೆಂಬ ನಂಬಿಕೆ ನಮ್ಮಲ್ಲಿ ಎಷ್ಟು ದೃಢವಾಗಿರುವುದೆಂದರೆ, ಹುಟ್ಟುಕಿವುಡಿಯಾದ ಕಲಾವಿದೆಯೊಬ್ಬರು ಅದನ್ನೇ ತಮ್ಮ ಕಲೆಯ ದ್ರವ್ಯವಾಗಿ ಆರಿಸಿಕೊಂಡರೆಂದು ಕೇಳಿದೊಡನೆ ಮೊದಲು ವಿಸ್ಮಯವೂ ಅನಂತರ ಅನುಕಂಪವೂ ಮೂಡುವುವು. ವಿಮರ್ಶಕನಿಗೆ ಇವೆರಡೂ ವಿಘ್ನಗಳೇ. 1980ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೊರಿಯಾ ಮೂಲದ ದಂಪತಿಗಳಿಗೆ ಜನಿಸಿ, ಈಗ ಬರ್ಲಿನ್ನಿನಲ್ಲಿ ನೆಲಸಿರುವ ಕ್ರಿಸ್ಟೀನ್ ಸನ್ ಕಿಮ್ ಅವರ ಕೃತಿಗಳು ಅನುಕಂಪವನ್ನು ಬೇಡುವುದಿಲ್ಲ.

ಅವರ ಪ್ರತಿಭೆಯ ನಿಜವಾದ ನೆಲೆ ಇದ್ದಿಲಿನಿಂದ ಕಾಗದದ ಮೇಲೆ ಬರೆದ ರೇಖಾಚಿತ್ರಗಳು. ಪಾಶ್ಚಾತ್ಯ ಸ್ವರಲಿಪಿಯಲ್ಲಿ ಮೃದುವಾಗಿ ನುಡಿಸಬೇಕೆಂದು ಸೂಚಿಸುವ ‘ಪಿ’ ಅಕ್ಷರವನ್ನು ಅವರು ಒಂದರ ಪಕ್ಕದಲ್ಲೊಂದಾಗಿ ಪೇರಿಸುತ್ತ ಹೋಗುತ್ತಾರೆ. ಎಷ್ಟು ಪೇರಿಸಿದರೂ ನಾದವು ಕ್ಷೀಣಿಸುವುದಲ್ಲದೆ ಶೂನ್ಯವಾಗುವುದಿಲ್ಲ. ಮೌನವೆಂದರೆ ನಾದದ ಅಭಾವವಲ್ಲ, ಅತ್ಯಂತ ಅಸ್ಫುಟವಾದ ನಾದವೆಂಬ ಈ ದರ್ಶನ, ಕಿವುಡರ ಲೋಕವನ್ನು ನಿಶ್ಶಬ್ದದ ಕೂಪವೆಂದು ಭಾವಿಸಿದ ಕೇಳುವವರ ಜ್ಞಾನವನ್ನೇ ತಿದ್ದುವಂಥದು. ‘ದಿನವಿಡೀ’ ಎಂಬುದನ್ನು ಅಮೆರಿಕನ್ ಸಂಜ್ಞಾಭಾಷೆಯಲ್ಲಿ ಹೇಳುವಾಗ ತೋಳು ಸೂರ್ಯನ ಪಥದಂತೆ ಬಾಗಿ ಸಾಗುವ ಚಲನೆಯನ್ನು ಅವರು ಒಂದು ಕಮಾನಾಗಿ ಚಿತ್ರಿಸಿರುವಲ್ಲಿ, ಭಾಷೆ, ಸಂಗೀತ, ದೇಹ ಮೂರೂ ಒಂದೇ ಗೆರೆಯಲ್ಲಿ ಕೂಡಿವೆ. ಒರೆಸಿದ ಇದ್ದಿಲಿನ ಮಸುಕು ಅವರ ಇದ್ದಿಲ ಚಿತ್ರಗಳಲ್ಲಿ ಹಾಗೆಯೇ ಉಳಿದಿರುವುದು ನನಗೆ ಬಹಳ ಪ್ರಿಯವಾದ ಸಂಗತಿ. ಕೈ ಓಡಾಡಿದುದಕ್ಕೆ ಅದೇ ಸಾಕ್ಷಿ.

ಕಿವುಡರ ಕ್ರೋಧವನ್ನು ಲಘುಕೋನ, ಲಂಬಕೋನ, ವಿಶಾಲಕೋನಗಳಾಗಿ ಅಳೆದ 2018ರ ಚಿತ್ರಮಾಲೆ 2019ರ ವಿಟ್ನಿ ಮ್ಯೂಸಿಯಂನ ದ್ವೈವಾರ್ಷಿಕ ಪ್ರದರ್ಶನದಲ್ಲಿ ಖ್ಯಾತಿ ಪಡೆಯಿತು. ಕಲಾವಿದೆ ತನ್ನ ಸಂಭಾವನೆಯನ್ನು ದುಭಾಷಿಯೊಡನೆ ಹಂಚಿಕೊಳ್ಳುವುದೇ ನ್ಯಾಯವೆಂದು ತಿಳಿಯುವ ಕ್ಯುರೇಟರು, ಕಿವುಡರಿಗೆ ಒಂದೂ ಕಾರ್ಯಕ್ರಮವಿಲ್ಲದ ಮ್ಯೂಸಿಯಂ, ಇಂಥವೇ ಅಲ್ಲಿಯ ಕೋಪಕಾರಣಗಳು. ಸಂಯಮದ ಜ್ಯಾಮಿತಿಯೊಳಗೆ ಉರಿಯುವ ಈ ರೋಷ ನ್ಯಾಯವಾದುದು. ಆದರೆ ಇಂಥ ಚಿತ್ರಗಳಲ್ಲಿ ಕೆಲವು, ಅಡಿಬರಹವನ್ನೋದಿ ಅರ್ಥವಾದೊಡನೆ ಕಣ್ಣಿಗೆ ಮತ್ತೇನನ್ನೂ ಉಳಿಸುವುದಿಲ್ಲವೆಂಬುದನ್ನೂ ಹೇಳಲೇಬೇಕು.

ಆ ರೋಷದ ಕಾರಣವಾದರೋ ಕಲ್ಪಿತವಲ್ಲವೆಂಬುದು ಮುಂದೆಯೂ ಕಂಡಿತು. 2020ರ ಫೆಬ್ರವರಿಯಲ್ಲಿ ಮಯಾಮಿಯಲ್ಲಿ, ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯದ ಕ್ರೀಡಾಂಗಣದಲ್ಲಿ, ಅವರು ಅಮೆರಿಕದ ರಾಷ್ಟ್ರಗೀತೆಯನ್ನು ಸಂಜ್ಞೆಗಳಲ್ಲಿ ನಿರೂಪಿಸುತ್ತಿರಲು, ದೂರದರ್ಶನದ ಪ್ರಸಾರವು ಕೆಲವೇ ಕ್ಷಣ ಅವರನ್ನು ತೋರಿಸಿ ಆಟಗಾರರ ಮುಖಗಳತ್ತ ಹೊರಳಿತು. ಅದೇ ಗೀತೆಯನ್ನು ಹಾಡುವ ಗಾಯಕಿಯ ಧ್ವನಿಯನ್ನು ನಡುವೆ ಕತ್ತರಿಸಲು ಯಾವ ನಿರ್ಮಾಪಕನೂ ಧೈರ್ಯಮಾಡಲಾರನು. ಕೈಗಳ ಧ್ವನಿಗೆ ಆ ಮನ್ನಣೆ ದೊರೆಯಲಿಲ್ಲ. ನಾದವು ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದ ಸಮಕಾಲೀನರು ವಿರಳ. ಅದನ್ನು ಘೋಷಣೆಗಿಂತ ರೇಖೆಯಲ್ಲಿ ಕೇಳಿದಾಗಲೇ ಕಿಮ್ ಅವರು ದೊಡ್ಡ ಕಲಾವಿದೆ.